ಷರಾ ಇಲ್ಲದ ಪಾಠ

ದೆವ್ವ, ಗಾಳಿ, ಮಾಟ ಎಂಬ ಮಾತು ಬಂದರೆ ಟವೆಲ್ ಕೊಡವಿಕೊಂಡು ಎದ್ದು ಹೋಗುವ ಜಾಯಮಾನ ನನ್ನದು. ಗಟ್ಟು ಎಂಬ ಊರಿನ ಕಡೆಯ ಒಂದು ಹಳ್ಳಿಯಲ್ಲಿ ಮೇಷ್ಟ್ರಾಗಿದ್ದಾಗ, ಹುಣಸೆಮರದೊಳಗೆ ದೀಪ ಕಾಣುತ್ತದೆಂದು ಊರೇ ಹೆದರಿ ಬಾಗಿಲು ಹಾಕಿಕೊಳ್ಳುತ್ತಿತ್ತು. ನಾನು ಮಕ್ಕಳನ್ನು ಕರೆದುಕೊಂಡು ಹೋಗಿ, ಅದು ಆಚೆ ಹೊಲದ ಬೋರ್‌ವೆಲ್ ಮೇಲಿನ ಬಲ್ಬು ಎಂದು ತೋರಿಸಿ ಬಂದೆ. ಮಾರನೆಯ ದಿನ ಊರಿನ ಹಿರಿಯರೊಬ್ಬರು ನನ್ನನ್ನು ಮಾತನಾಡಿಸಲಿಲ್ಲ. ಅವರ ಕಥೆ ಹಾಳುಮಾಡಿದ್ದೆನಲ್ಲ. ಇಂಥವನು ಈಗ ಬರೆಯಲಿರುವುದನ್ನು ಬೇರೆ ಯಾರಾದರೂ ಬರೆದಿದ್ದರೆ ನಾನೇ ಮೊದಲು ನಗುತ್ತಿದ್ದೆ. ನೀವು ನಕ್ಕರೂ ನನಗೆ ಬೇಸರವಿಲ್ಲ. ಸುಳ್ಳು ಎಂದು ಮಾತ್ರ ಅನ್ನಬೇಡಿ. ಆ ಒಂದು ಮಾತು ಒಮ್ಮೆ ನನ್ನ ಮೇಲೆ ಬಂದು, ಅದರಿಂದ ಪಟ್ಟ ಪಾಡು ಸಾಕಾಗಿದೆ.

ಇಷ್ಟು ವರ್ಷ ಬಾಯಿ ಬಿಡದವನು ಈಗ ಯಾಕೆ ಬರೆಯುತ್ತಿದ್ದೇನೆ ಎಂದರೆ, ನಮ್ಮ ಟ್ರೇನಿಂಗ್ ಕಾಲೇಜಿನ ಚರಿತ್ರೆ ಬರೆದುಕೊಡಲು ನನಗೆ ಹೇಳಿದ್ದಾರೆ. ತೆಲುಗು ಸೀಮೆಯ ಗಡಿಯಲ್ಲಿ, ನಾರಾಯಣಪೇಟೆಯಿಂದ ಮಕ್ತಲ್ ಕಡೆ ಹೋಗುವ ದಾರಿಯಲ್ಲಿರುವ ಈ ಕಾಲೇಜಿನಲ್ಲೇ ನಾನು ಮೇಷ್ಟ್ರ ಕೆಲಸ ಕಲಿತೆ, ಕೊನೆಯ ಹತ್ತಾರು ವರ್ಷ ಇಲ್ಲೇ ಕಲಿಸಿ ನಿವೃತ್ತನಾದೆ. ಹಳೆಯ ಕಪಾಟುಗಳ ಕೀಲಿ ಕೊಟ್ಟು, 'ಎಲ್ಲಾ ನೋಡ್ರಿ ಸರ್, ನಿಮಗಿಂತ ತಿಳಿದವ್ರು ಯಾರದಾರ' ಎಂದರು ಈಗಿನ ಪ್ರಿನ್ಸಿಪಾಲರು. ಹೊಗಳಿಕೆಗೆ ಉಬ್ಬಿ ಒಪ್ಪಿಕೊಂಡೆ. ಎರಡು ತಿಂಗಳಿಂದ ದೂಳು ಕುಡಿಯುತ್ತಿದ್ದೇನೆ.

ಆದರೆ ಸುಳ್ಳು ಯಾಕೆ ಹೇಳಲಿ, ಆ ದೂಳಿನಲ್ಲಿ ಕೂತಾಗ ಎದೆ ತುಂಬಿಬರುತ್ತದೆ. ನಿಜಾಮರ ಕಾಲದಲ್ಲಿ ವರ್ತಕರೊಬ್ಬರು ಬಿಟ್ಟುಕೊಟ್ಟ ಹತ್ತಿ ಗೋದಾಮಿನಲ್ಲಿ ಶುರುವಾದ ಕಾಲೇಜು ಇದು. ಮೊದಲ ಹಾಜರಿ ಪುಸ್ತಕ ಉರ್ದುವಿನಲ್ಲಿದೆ, ಆಮೇಲಿನವು ತೆಲುಗಿನಲ್ಲಿ, ಇಂಗ್ಲಿಷಿನಲ್ಲಿ. ಒಳಗಿನ ಹೆಸರುಗಳು ಮಾತ್ರ ಎಲ್ಲ ಲಿಪಿಯಲ್ಲೂ ನಮ್ಮವೇ: ನಾಗಪ್ಪ, ಶರಣಮ್ಮ, ಖಾಸಿಂ, ನರಸಿಂಗಪ್ಪ. ರಾಜ್ಯ ಬದಲಾಯಿತು, ಜಿಲ್ಲೆ ಬದಲಾಯಿತು, ಗೇಟಿನ ಮೇಲಿನ ಫಲಕ ಎಷ್ಟು ಸಲ ಬದಲಾಯಿತೋ ಲೆಕ್ಕವಿಲ್ಲ. ಕನ್ನಡ ವಿಭಾಗದ ಒಂದು ಕೋಣೆಗೆ ಮಾತ್ರ ಯಾವ ಕಾಲದಲ್ಲೂ ಬೀಗ ಬೀಳಲಿಲ್ಲ. ಉಟ್ಕೂರ್‌ನಿಂದ ಗದ್ವಾಲ್‌ವರೆಗೆ ಯಾವ ಹಳ್ಳಿಯ ಶಾಲೆಗೆ ಹೋದರೂ, ಕರಿಹಲಗೆಯ ಮೇಲಿನ ಅಕ್ಷರ ನೋಡಿ, ಈ ಮೇಷ್ಟ್ರು ನಮ್ಮಲ್ಲಿ ಕಲಿತವರೋ ಅಲ್ಲವೋ ನಾನು ಹೇಳಬಲ್ಲೆ.

ಅಂಥ ಕಟ್ಟುನಿಟ್ಟು ನಮ್ಮದು. ಹಲಗೆಯನ್ನು ಮೇಲಿನಿಂದ ಕೆಳಕ್ಕೆ ಒರೆಸಬೇಕು, ಅಡ್ಡಡ್ಡ ಒರೆಸಿದರೆ ಮುಂದಿನ ಸಾಲಿನ ಮಕ್ಕಳ ಮೂಗಿಗೆ ಸುಣ್ಣ. ಮೊದಲು ಪ್ರಶ್ನೆ ಕೇಳಬೇಕು, ಒಂದು ಗಳಿಗೆ ಸುಮ್ಮನಿರಬೇಕು, ಆಮೇಲೆ ಒಂದು ಮಗುವಿನ ಹೆಸರು ಹಿಡಿದು ಕರೆಯಬೇಕು. ಮೊದಲೇ ಹೆಸರು ಕರೆದರೆ ಉಳಿದವರು ಯೋಚಿಸುವುದನ್ನೇ ಬಿಡುತ್ತಾರೆ. ಮಗುವಿನ ಸ್ಲೇಟಿನ ಮೇಲಿನ ತಪ್ಪನ್ನು ಮೇಷ್ಟ್ರು ಅಳಿಸಕೂಡದು, ಮಗುವೇ ಅಳಿಸಬೇಕು. ಇವೆಲ್ಲ ಮರೆತರೆ ಬೈಗುಳದಲ್ಲಿ ಮುಗಿಯುತ್ತಿತ್ತು. ಕ್ಷಮೆಯಿಲ್ಲದ ತಪ್ಪು ಎಂದರೆ ತಾಲೀಮು ಪಾಠ. ಪರೀಕ್ಷೆಯ ಪಾಠ ಮಾಡಬೇಕಾದ ಶಾಲೆಗೆ ಹಿಂದಿನ ದಿನವೇ ಕದ್ದು ಹೋಗಿ, ಅದೇ ಪಾಠವನ್ನು ಅದೇ ಮಕ್ಕಳಿಗೆ ಹೇಳಿಕೊಟ್ಟು, ಉತ್ತರ ಬಾಯಿಪಾಠ ಮಾಡಿಸಿ ಬರುವುದು. ಮಾರನೆಯ ದಿನ ಕೇಳಿದ್ದಕ್ಕೆಲ್ಲ ಮಕ್ಕಳು ಪಟಪಟ ಉತ್ತರಿಸುತ್ತವೆ, ಪಾಠ ಹೂವಿನಂತೆ ಅರಳುತ್ತದೆ. ಹಾಗೆ ಮಾಡಿ ಸಿಕ್ಕಿಬಿದ್ದರೆ ಒಂದು ವರ್ಷ ಹೋಯಿತು ಎಂದೇ ಅರ್ಥ.

ಅದಕ್ಕಿಂತ ಸಣ್ಣದೊಂದು ಕಳ್ಳತನ ಎಲ್ಲರೂ ಮಾಡುತ್ತಿದ್ದರು. ಹಿಂದಿನ ವರ್ಷದವರ ಪಾಠಯೋಜನೆ ಪುಸ್ತಕ ತಂದು ನಕಲು ಇಳಿಸುವುದು. ನಾನು ಅದನ್ನೂ ಮಾಡಲಿಲ್ಲ. ಪ್ರತಿಯೊಂದು ಪಾಠಕ್ಕೂ ಸ್ವಂತ ಕಥೆ, ಸ್ವಂತ ಉದಾಹರಣೆ ಕಟ್ಟುತ್ತಿದ್ದೆ. ಗೆಳೆಯರು 'ಮಹಾ ಸಾಚಾ ಬಂದ ನೋಡು' ಎಂದು ರೇಗಿಸುತ್ತಿದ್ದರು. ನನಗೆ ಅದು ಹೊಗಳಿಕೆಯಂತೆಯೇ ಕೇಳಿಸುತ್ತಿತ್ತು. ಸ್ವಲ್ಪ ಜಂಬ ಇತ್ತು, ಒಪ್ಪಿಕೊಳ್ಳುತ್ತೇನೆ.

ನಮ್ಮದು ನಾರಾಯಣಪೇಟೆಯ ನೇಕಾರರ ಮನೆ. ಅಪ್ಪ ಒಂದು ಮಗ್ಗದಲ್ಲಿ ಕೂತರೆ ಇನ್ನೊಂದರಲ್ಲಿ ನಾನು ಕೂರಬೇಕಿತ್ತು. ಆ ಮಗ್ಗವನ್ನು ಖಾಲಿ ಬಿಟ್ಟು ಅಪ್ಪ ನನ್ನನ್ನು ಟ್ರೇನಿಂಗಿಗೆ ಕಳಿಸಿದ್ದ. 'ಎರಡು ವರ್ಷ ಹೋಗಿ ಬಾ. ಮೂರನೇದು ಕೇಳಬ್ಯಾಡ' ಎಂದಿದ್ದ. ಅದು ಬೆದರಿಕೆಯಲ್ಲ, ಮನೆಯ ಪರಿಸ್ಥಿತಿ. ಪರೀಕ್ಷೆಯ ಕೊನೆಯ ಪಾಠದಲ್ಲಿ ನಾನು ಪಾಸಾದರೆ ಮೇಷ್ಟ್ರು, ಇಲ್ಲದಿದ್ದರೆ ಮಗ್ಗ.

ಕೊನೆಯ ಪಾಠವನ್ನು ನೋಡಲು ಬರುವವರು ವೆಂಕೋಬರಾವ್ ಸರ್ ಎಂದು ಗೊತ್ತಾಯಿತು. ನಮ್ಮ ಕನ್ನಡ ವಿಭಾಗವನ್ನು ಎಷ್ಟೋ ವರ್ಷ ಒಬ್ಬರೇ ಹೊತ್ತವರು ಅವರು. ಹಿಂದಿನ ಬೆಂಚಿನಲ್ಲಿ ವೀಕ್ಷಣೆ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದರು. ಪಾಠ ಮುಗಿಯುವಷ್ಟರಲ್ಲಿ ಆ ಪುಸ್ತಕದ ಷರಾ ಕಾಲಂನಲ್ಲಿ ಕೆಂಪು ಶಾಯಿಯಲ್ಲಿ ಅವರ ಅಭಿಪ್ರಾಯ ಬಿದ್ದಿರುತ್ತಿತ್ತು. ಒಂದು ಸಾಲಾದರೂ ಸರಿ, ಷರಾ ಬರೆಯದೆ ಅವರು ಬೆಂಚಿನಿಂದ ಎದ್ದದ್ದೇ ಇಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಒಮ್ಮೆ ಬರೆದದ್ದನ್ನು ತಿದ್ದಿದ್ದೂ ಇಲ್ಲ.

ನನಗೆ ಬಂದದ್ದು ಉಟ್ಕೂರ್ ಹತ್ತಿರದ ಒಂದು ಸಣ್ಣ ಹಳ್ಳಿ, ಮೂರನೇ ತರಗತಿ, 'ನೆರಳು' ಎಂಬ ಪಾಠ. ಬೆಳಗ್ಗೆ ನೆರಳು ಒಂದು ಕಡೆ, ಸಂಜೆ ಇನ್ನೊಂದು ಕಡೆ ಯಾಕೆ ಬೀಳುತ್ತದೆ ಎಂದು ತಿಳಿಸಬೇಕು. ನಾನೊಂದು ಕಥೆ ಕಟ್ಟಿದೆ. ಒಬ್ಬ ಮುದುಕಿ, ಅವಳದೊಂದು ಆಡು, ಅಂಗಳದಲ್ಲಿ ಬೇವಿನ ಮರ. ಆಡಿಗೆ ಬಿಸಿಲು ತಾಗಬಾರದೆಂದು ಮುದುಕಿ ಬೆಳಗ್ಗೆಯಿಂದ ಅದನ್ನು ನೆರಳಿನ ಜೊತೆ ಸರಿಸಿ ಸರಿಸಿ ಕಟ್ಟುತ್ತಾಳೆ. ಸಂಜೆಗೆ ನೋಡಿದರೆ ಆಡು ಪಕ್ಕದ ಮನೆಯವಳ ಬಾಗಿಲಲ್ಲಿ. ಆಕೆ ನನ್ನದು ಎನ್ನುತ್ತಾಳೆ, ಈಕೆ ನನ್ನದು ಎನ್ನುತ್ತಾಳೆ. ಜಗಳ ಬೀಳುತ್ತದೆ. ಆಗ ಮಕ್ಕಳನ್ನು ಕೇಳಬೇಕು: ಆಡನ್ನು ಅಲ್ಲಿಗೆ ಕರೆದುಕೊಂಡು ಹೋದವರು ಯಾರು? ಸೂರ್ಯ ಎಂದು ಒಂದು ಮಗು ಹೇಳಿದರೆ ಪಾಠ ಗೆದ್ದಂತೆ. ಇದನ್ನು ಯೋಜನೆ ಪುಸ್ತಕದಲ್ಲಿ ಬರೆದು ಮುಚ್ಚಿಟ್ಟೆ, ಯಾರಿಗೂ ತೋರಿಸಲಿಲ್ಲ.

ಪಾಠದ ಹಿಂದಿನ ದಿನ ಓದಿಕೊಂಡು ಕೂರಬೇಕೆಂದಿದ್ದೆ. ಆದರೆ ಗದ್ವಾಲದಲ್ಲಿದ್ದ ಸೋದರಮಾವನ ಕೈ ಉಳುಕಿ, ಮಗ್ಗ ನಿಂತಿದೆ ಎಂದು ಸುದ್ದಿ ಬಂತು. ಮದುವೆಗೆ ಕೊಡಬೇಕಾದ ಸೀರೆ. ಹಾಸು ಎಂದರೆ ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ನೂಲು; ಹಳೆಯ ಹಾಸಿನ ಎಳೆಗಳಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸಬೇಕು, ಅದಕ್ಕೆ ಎದುರುಬದುರು ಕೂರುವ ಇಬ್ಬರು ಬೇಕು. ಅಪ್ಪ ನನ್ನ ಮುಖ ನೋಡಿದ, ಬಾ ಎನ್ನಲಿಲ್ಲ. ನಾನೇ ಅವನ ಜೊತೆ ಹೊರಟೆ. ಮೊದಲ ಬಸ್ಸಿಗೆ ಮಕ್ತಲ್ ಮೇಲೆ ಹಾದು ಗದ್ವಾಲ್ ಸೇರಿ, ಎಳೆ ಜಾರದಂತೆ ಬೆರಳಿಗೆ ಬೂದಿ ಹಚ್ಚಿಕೊಂಡು ಕೂತವರು ಊಟಕ್ಕೆ ಬಿಟ್ಟರೆ ಸಂಜೆಯವರೆಗೆ ಏಳಲಿಲ್ಲ.

ಆ ಕೆಲಸ ಬೆರಳಿಗೆ ಮಾತ್ರ. ಕೈ ಎಳೆ ಹೊಸೆಯುತ್ತಿತ್ತು, ಬಾಯಿ ಒಳಗೊಳಗೇ ಪಾಠ ಹೇಳುತ್ತಿತ್ತು. ಬೆಳಗ್ಗೆಯಿಂದ ಸಂಜೆಯವರೆಗೆ ಎಷ್ಟು ಸಲ ಆ ಪಾಠ ಮಾಡಿದೆನೋ. ಪ್ರಶ್ನೆ ಕೇಳುತ್ತಿದ್ದೆ, ನಿಯಮದ ಪ್ರಕಾರ ಸುಮ್ಮನಾಗುತ್ತಿದ್ದೆ, ಮತ್ತೆ ಮುಂದುವರಿಯುತ್ತಿದ್ದೆ. ಅಪ್ಪ ಒಮ್ಮೆ ತಲೆಯೆತ್ತಿ, 'ಯಾರನ್ನ ಕೇಳಾಕತ್ತೀಯೋ?' ಎಂದ. ಯಾರನ್ನೂ ಇಲ್ಲ ಎಂದೆ. ಮಧ್ಯಾಹ್ನ ಊಟವಾದ ಮೇಲೆ ಆಡಿಗೆ ಒಂದು ಹೆಸರಿಟ್ಟರೆ ಮಕ್ಕಳಿಗೆ ಖುಷಿಯಾದೀತು ಎನ್ನಿಸಿತು. ಯಾರ ಹೊಲ ಕಂಡರೂ ಬಾಯಿ ಹಾಕುವ ಆಡು ಎಂದು ಅದಕ್ಕೆ 'ತಹಸೀಲ್ದಾರ' ಎಂದು ಹೆಸರಿಟ್ಟೆ. ನನಗೇ ನಗು ಬಂತು. ಯಾಕ ನಗ್ತಿ ಎಂದು ಅಪ್ಪ ಕೇಳಿದ, ನಾನು ಹೇಳಲಿಲ್ಲ. ಆ ಹೆಸರು ಯೋಜನೆ ಪುಸ್ತಕದಲ್ಲಿ ಇರಲಿಲ್ಲ. ನನ್ನ ತಲೆಯೊಳಗೆ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇರಲಿಲ್ಲ. ದಯವಿಟ್ಟು ಇದನ್ನು ನೆನಪಿಟ್ಟುಕೊಳ್ಳಿ.

ಮಾರನೆಯ ದಿನ ಬೆಳಗ್ಗೆ ಜನ ತುಂಬಿಕೊಂಡು ಹೋಗುವ ಜೀಪಿನಲ್ಲಿ ಆ ಹಳ್ಳಿಗೆ ಇಳಿದೆ. ಅದುವರೆಗೆ ಆ ಊರಿಗೆ ನಾನು ಕಾಲಿಟ್ಟವನಲ್ಲ. ಶಾಲೆ ಎಲ್ಲಿ ಎಂದು ಕೇಳಿಕೊಂಡೇ ಹೋದೆ. ಒಂದೇ ಕೋಣೆ, ಮುಂದೊಂದು ಬೇವಿನ ಮರ. ಎಲ್ಲ ತರಗತಿಗಳಿಗೂ ಒಬ್ಬರೇ ಮೇಷ್ಟ್ರು. ವೆಂಕೋಬರಾವ್ ಸರ್ ಆಗಲೇ ಬಂದು ಹಿಂದೆ ಕೂತಿದ್ದರು. ಬೂದಿ ಮತ್ತು ಎಳೆ ಕೂಡಿ ಬೆರಳ ತುದಿ ಸೀಳಿತ್ತು, ಸೀಮೆಸುಣ್ಣ ಹಿಡಿದರೆ ಉರಿಯುತ್ತಿತ್ತು. ನಾನು ಒಳಗೆ ಹೋದ ಕೂಡಲೇ ಮಕ್ಕಳು ನಕ್ಕವು. ಹೊಸ ಮೇಷ್ಟ್ರನ್ನು ಕಂಡು ನಗುವ ನಗುವಲ್ಲ, ಗುರುತಿನವರನ್ನು ಕಂಡು ನಗುವ ನಗು. ಆಗ ನನಗದು ಹೊಳೆಯಲಿಲ್ಲ, ಧೈರ್ಯವೇ ಬಂತು.

ಹಲಗೆಯ ಮೇಲೆ ಪಾಠದ ಹೆಸರು ಬರೆದು ಕಥೆ ಶುರು ಮಾಡಿದೆ. ಒಂದು ಊರಿನಲ್ಲಿ ಒಬ್ಬ ಮುದುಕಿ ಇದ್ದಳು, ಆಕೆಯ ಹತ್ತಿರ ಒಂದು ಆಡು ಇತ್ತು ಎಂದೆ. ಮುಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗ ಕೈ ಎತ್ತಿದ. 'ಅದರ ಹೆಸರು ತಹಸೀಲ್ದಾರ ಅಂತ್ರಿ ಸರ್' ಎಂದ. ಇಡೀ ತರಗತಿ ಕಿಲಕಿಲ ನಕ್ಕಿತು.

ಹಲಗೆಗೆ ಆನಿಸಿದ್ದ ನನ್ನ ಕೈ ಅಲ್ಲೇ ನಿಂತಿತು. ಏನು ಮಾಡಬೇಕೋ ತಿಳಿಯದೆ ಕಥೆ ಮುಂದುವರಿಸಿದೆ. ಮುದುಕಿ ಆಡನ್ನು ಎಲ್ಲಿ ಕಟ್ಟಿದಳು ಎಂದು ಕೇಳಿ ಸುಮ್ಮನಾಗುವ ಮೊದಲೇ ಎಲ್ಲರ ಕೈ ಮೇಲೆ. ಪಕ್ಕದ ಮನೆಯವಳು ಏನೆಂದಳು ಎಂದರೆ ಅವಳ ದನಿಯನ್ನೂ ಅಣಕಿಸಿ ತೋರಿಸಿದವು. ಆಡನ್ನು ಅಲ್ಲಿಗೆ ಕರೆದುಕೊಂಡು ಹೋದವರು ಯಾರು ಎಂದು ಕೇಳುವಾಗ ನನ್ನ ದನಿ ನಡುಗುತ್ತಿತ್ತು. 'ಸೂರ್ಯ' ಎಂದು ತರಗತಿಗೆ ತರಗತಿಯೇ ಕೂಗಿತು. ಅರ್ಧ ಗಂಟೆಯ ಪಾಠ ಹತ್ತು ನಿಮಿಷದಲ್ಲಿ ಮುಗಿದುಹೋಯಿತು. ತಾಲೀಮು ಪಾಠ ಹೇಗಿರುತ್ತದೆ ಎಂದು ಯಾರಿಗಾದರೂ ತೋರಿಸಬೇಕಿದ್ದರೆ ಅದಕ್ಕಿಂತ ಒಳ್ಳೆಯ ಮಾದರಿ ಸಿಗುತ್ತಿರಲಿಲ್ಲ.

ವೆಂಕೋಬರಾವ್ ಸರ್ ಪೆನ್ನಿನ ಕ್ಯಾಪ್ ಹಾಕಿ ಎದ್ದು ಮುಂದೆ ಬಂದರು. ಅವರು ಮಕ್ಕಳೊಂದಿಗೆ ಯಾವತ್ತೂ ದನಿ ಏರಿಸಿದವರಲ್ಲ.

'ಈ ಕಥಿ ಯಾರು ಹೇಳ್ಯಾರ್ರಪ್ಪ ನಿಮಗ?' ಎಂದು ಕೇಳಿದರು.

'ಈ ಸರ್ರೇ ರೀ' ಎಂದು ಮಕ್ಕಳು ನನ್ನ ಕಡೆ ಬೆರಳು ತೋರಿಸಿದವು. 'ನಿನ್ನಿ ಹೇಳಿದ್ರಿ. ಗಿಡದ ಕೆಳಗ ಕುಂದ್ರಿಸಿ ಹೇಳಿದ್ರಿ.'

ಆ ಶಾಲೆಯ ಮೇಷ್ಟ್ರು ಬಾಗಿಲ ಬಳಿ ನಿಂತಿದ್ದರು. ಅವರು ಗಾಬರಿಯಾಗಿ, 'ನಿನ್ನಿ ಸಾಲಿ ಇರಲಿಲ್ರೀ ಸರ್. ನಾ ಮೀಟಿಂಗಿಗೆ ಮಕ್ತಲಕ್ಕ ಹೋಗಿದ್ದೆ, ಬೀಗದ ಕೀಲಿ ನನ್ನ ಕಿಸೇದಾಗ ಇತ್ತು. ಹೊರಗ ಏನು ನಡೀತೋ ನಂಗೊತ್ತಿಲ್ರೀ, ನಾಕು ತೆಲೀದು' ಎಂದು ತೆಲುಗಿಗೆ ಜಾರಿದರು. ಊರಿನ ದೊಡ್ಡವರೆಲ್ಲ ಹಿಂದಿನ ದಿನ ಹೊಲದಲ್ಲಿದ್ದರು. ಕೇಳಲು ಬೇರೆ ಯಾರೂ ಇರಲಿಲ್ಲ.

ಸರ್ ನನ್ನ ಯೋಜನೆ ಪುಸ್ತಕ ತೆಗೆದುಕೊಂಡು ಪುಟ ತಿರುವಿದರು. 'ಆಡಿನ ಹೆಸರು ಇದರಾಗ ಎಲ್ಲೈತಿ?' ಎಂದರು. ಬರೆದಿಲ್ಲ ಸರ್, ನಿನ್ನೆ ಗದ್ವಾಲದಲ್ಲಿ ಹೊಳೆದದ್ದು ಎಂದೆ. 'ಯಾರಿಗರ ಹೇಳಿದ್ದೇನು?' ಇಲ್ಲ ಎಂದೆ. 'ಹಂಗಾದ್ರ ಈ ಹುಡುಗರಿಗೆ ಹೆಂಗ ಗೊತ್ತಾತು? ನೀನs ಹೇಳಿರಬೇಕಲ್ಲ' ಎಂದರು. ನಾನು ಬಾಯಿಬಿಟ್ಟಷ್ಟೂ ನನ್ನ ಕುತ್ತಿಗೆಗೇ ಬರುತ್ತಿತ್ತು. ನಿಜ ಹೇಳಿ ಸುಳ್ಳುಗಾರನಾಗುವುದು ಎಷ್ಟು ಕಷ್ಟ ಎಂದು ಅವತ್ತು ತಿಳಿಯಿತು. ಸರ್ ಪುಸ್ತಕ ಮುಚ್ಚಿ, ಷರಾ ಬರೆಯದೆ, ನಾಳೆ ಕಾಲೇಜಿಗೆ ಬಾ ಎಂದಷ್ಟೇ ಹೇಳಿ ಹೊರಟರು.

ಮನೆಗೆ ಹೋಗಿ ಅಪ್ಪನಿಗೆ ಎಲ್ಲ ಹೇಳಿದೆ. ಹೇಳುವಾಗ ಅತ್ತೆ. ಮಗ್ಗಕ್ಕೆ ಮರಳುವ ದುಃಖಕ್ಕಿಂತ, ಸಾಚಾ ಎಂದು ಮೆರೆದವನು ಕಳ್ಳನಾಗಿ ಮರಳುವ ದುಃಖ ದೊಡ್ಡದಾಗಿತ್ತು. ಮರುದಿನ ಬೆಳಗ್ಗೆ ಅಪ್ಪ ಒಗೆದ ಧೋತ್ರ ಉಟ್ಟು ನನಗಿಂತ ಮೊದಲು ಬಸ್‌ಸ್ಟ್ಯಾಂಡಿನಲ್ಲಿದ್ದ. ಕಾಲೇಜಿನ ಗೇಟು ಅವನು ದಾಟಿದ್ದು ಅದೇ ಮೊದಲು. ಚಪ್ಪಲಿಯನ್ನು ವರಾಂಡದ ಕೆಳಗೇ ಬಿಟ್ಟ.

'ನಾ ಓದಿದವ ಅಲ್ರೀ ಸರ್' ಎಂದ ವೆಂಕೋಬರಾಯರಿಗೆ. 'ಮೊನ್ನಿ ಮುಂಜಾನಿಂದ ಸಂಜಿತನಕ ಇಂವ ನನ್ನ ಎದುರಿಗೆ ಕುಂತಿದ್ದ. ನಡುವ ಒಂದು ಮೊಳ ಜಾಗ ಇತ್ತು. ನನ್ನ ಬೆರಳು ನೋಡ್ರಿ, ಇವನ ಬೆರಳು ನೋಡ್ರಿ. ಅಷ್ಟರ ಮ್ಯಾಲೂ ನಂಬಿಕಿ ಬರಲಿಲ್ಲಂದ್ರ, ಆ ಹಾಸು ಇನ್ನೂ ಮಗ್ಗದ ಮ್ಯಾಲೆ ಐತಿ, ಗದ್ವಾಲಕ್ಕ ಹೋಗಿ ನೋಡ್ರಿ.'

ಸರ್ ಇಬ್ಬರ ಬೆರಳನ್ನೂ ನೋಡಿದರು. ಚಹಾ ತರಿಸಿ ಅಪ್ಪನಿಗೆ ಕೊಟ್ಟರು. ಆಮೇಲೆ ಅವರು ಮಾಡಿದ್ದನ್ನು ನೆನೆದರೆ ಇವತ್ತೂ ನನ್ನ ತಲೆ ತಾನಾಗಿ ಬಾಗುತ್ತದೆ. ಬಂದ ಭಾನುವಾರ ಬಸ್ ಹತ್ತಿ ನಿಜವಾಗಿಯೂ ಗದ್ವಾಲಕ್ಕೆ ಹೋದರು. ಮಾವನ ಮನೆ ಹುಡುಕಿ, ಮಗ್ಗ ನೋಡಿ, ಅಕ್ಕಪಕ್ಕದವರನ್ನು ಕೇಳಿ ಬಂದರು. ಒಬ್ಬ ನೇಕಾರನ ಮಗ ಸುಳ್ಳುಗಾರನೋ ಅಲ್ಲವೋ ಎಂದು ತಿಳಿಯಲು ಒಬ್ಬ ಗುರು ತನ್ನ ರಜೆಯ ದಿನ ಅಷ್ಟು ದೂರ ಹೋಗಿ ಬಂದ ಕಾಲೇಜು ನಮ್ಮದು. ಈ ಮಾತನ್ನು ಚರಿತ್ರೆಯ ಪುಸ್ತಕದಲ್ಲಿ ಬರೆದೇ ಬರೆಯುತ್ತೇನೆ, ಪ್ರಿನ್ಸಿಪಾಲರು ಬೇಡವೆಂದರೂ ಬಿಡುವುದಿಲ್ಲ.

ಸೋಮವಾರ ನನ್ನನ್ನು ಕರೆದರು. ಮೇಜಿನ ಮೇಲೆ ವೀಕ್ಷಣೆ ಪುಸ್ತಕ ತೆರೆದಿತ್ತು.

'ನಿಮ್ಮಪ್ಪ ಸುಳ್ಳು ಹೇಳಂಗಿಲ್ಲ' ಎಂದರು. 'ಆ ಹುಡುಗರೂ ಸುಳ್ಳು ಹೇಳಂಗಿಲ್ಲ, ನಾ ಅವರ ಕಣ್ಣು ನೋಡೇನಿ. ಈಗ ನಾ ಏನಂತ ಬರೀಲಿ, ನೀನs ಹೇಳು.'

ಅವರು ಬಹಳ ಹೊತ್ತು ಪೆನ್ನು ಹಿಡಿದು ಕೂತಿದ್ದು, ಕಡೆಗೆ ಕೆಳಗೆ ಸಹಿ ಮಾತ್ರ ಹಾಕಿದರು. ಷರಾ ಕಾಲಂ ಖಾಲಿ ಬಿಟ್ಟರು. ನನಗೆ ಬೇರೆ ಶಾಲೆಯಲ್ಲಿ ಬೇರೆ ಪಾಠ ಕೊಟ್ಟರು. ಅದನ್ನು ನಾನು ಹೆದರಿ ಹೆದರಿ ಮಾಡಿದೆ. ಮಕ್ಕಳಿಗೆ ಏನೂ ಗೊತ್ತಿರಲಿಲ್ಲ, ಅರ್ಧ ಉತ್ತರ ತಪ್ಪು ಹೇಳಿದವು. ಆ ತಪ್ಪುಗಳನ್ನು ಕೇಳಿ ನನಗಾದ ಸಂತೋಷ ಅಷ್ಟಿಷ್ಟಲ್ಲ. 'ತೃಪ್ತಿಕರ' ಎಂದು ಕೆಂಪು ಶಾಯಿಯಲ್ಲಿ ಬಿತ್ತು. ಮೇಷ್ಟ್ರಾದೆ.

ಹೋದ ತಿಂಗಳು ಕಪಾಟಿನಲ್ಲಿ ಆ ಪುಸ್ತಕ ಸಿಕ್ಕಿತು. ಸಾಲು ಸಾಲು ಕೆಂಪು ಅಕ್ಷರಗಳ ನಡುವೆ ನನ್ನ ಹೆಸರಿನ ಮುಂದೆ ಒಂದೇ ಒಂದು ಬಿಳಿ ಚೌಕ. ಗೊತ್ತಿಲ್ಲದ್ದನ್ನು ಬರೆಯಲಾರೆ ಎಂದು ಬಿಟ್ಟ ಜಾಗ ಅದು. ಸರ್ ತೀರಿಕೊಂಡು ಬಹಳ ಕಾಲವಾಯಿತು, ಅಪ್ಪನೂ ಇಲ್ಲ.

ಈ ವರ್ಷಗಳಲ್ಲಿ ನಾನು ಸುಮ್ಮನಿದ್ದೆ ಎಂದಲ್ಲ. ಅಳೆದು ನೋಡುವ ಚಾಳಿ ಬಿಡುತ್ತದೆಯೇ. ನನ್ನಂತೆಯೇ ಇದ್ದ ಬೇರೆ ಯಾವನಾದರೂ ಹೋಗಿದ್ದನೇ ಎಂದರೆ, ಆಡಿನ ಹೆಸರು ಅವನಿಗೆ ಹೇಗೆ ಗೊತ್ತು? ಮಕ್ಕಳು ಆ ಕ್ಷಣಕ್ಕೆ ಊಹಿಸಿದವೇ ಎಂದರೆ, ಅಷ್ಟೂ ಮಕ್ಕಳು ಒಂದೇ ಊಹೆ ಮಾಡುತ್ತವೆಯೇ? ಒಮ್ಮೊಮ್ಮೆ ನನ್ನ ಮೇಲೇ ಅನುಮಾನ ಬರುತ್ತಿತ್ತು. ಗದ್ವಾಲದಿಂದ ಎದ್ದು ಹೋಗಿ ಬಂದದ್ದು ನನಗೇ ಮರೆತಿದೆಯೋ ಎಂದುಕೊಳ್ಳುತ್ತಿದ್ದೆ. ಒಂದು ಮೊಳ ದೂರದಲ್ಲಿ ಕೂತಿದ್ದ ಅಪ್ಪನ ಮುಖ ನೆನಪಾಗಿ ಆ ಅನುಮಾನವೂ ಬಿದ್ದುಹೋಗುತ್ತಿತ್ತು. ಬರಬರುತ್ತಾ ಯೋಚಿಸುವುದನ್ನು ಬಿಟ್ಟೆ.

ಚರಿತ್ರೆಗಾಗಿ ಹಳೆಯ ವಿದ್ಯಾರ್ಥಿಗಳನ್ನು ಕರೆಸಿ ನೆನಪುಗಳನ್ನು ಕೇಳುತ್ತಿದ್ದೇವೆ. ಹೋದ ವಾರ ಮಾಣಿಕಮ್ಮ ಎಂಬಾಕೆ ಬಂದಿದ್ದಳು. ಮಕ್ತಲ್ ಕಡೆಯ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ. ನಾನು ಗಟ್ಟು ಕಡೆ ಕೆಲಸದಲ್ಲಿದ್ದಾಗ ಇಲ್ಲಿ ಓದಿ ಹೋದವಳು, ಹಾಗಾಗಿ ನಾನು ಅವಳಿಗೆ ಕಲಿಸಿರಲಿಲ್ಲ. ಅವಳ ಪಾಠ ನೋಡಿ ಬನ್ನಿ ಎಂದು ನಮ್ಮ ಕಾಲೇಜಿನವರು ಈಗಲೂ ಟ್ರೇನಿಗಳನ್ನು ಅಲ್ಲಿಗೆ ಕಳಿಸುತ್ತಾರೆ, ಅಷ್ಟು ಹೆಸರು. ಅಂಥವಳು ಬಂದು ನನ್ನ ಕಾಲು ಮುಟ್ಟಿ, 'ನಾ ಮೇಡಮ್ ಆಗಿದ್ದು ನಿಮ್ಮಿಂದ್ರಿ ಸರ್. ಸಣ್ಣಾಕಿದ್ದಾಗ ನಮ್ಮೂರ ಸಾಲಿಗೆ ಬಂದಿದ್ರಿ, ನೆನಪೈತೇನ್ರಿ?' ಎಂದಳು. ಊರಿನ ಹೆಸರನ್ನೂ ಹೇಳಿದಳು, ಉಟ್ಕೂರ್ ಹತ್ತಿರದ ಅದೇ ಹಳ್ಳಿ. ಆ ಮೂರನೇ ತರಗತಿಯಲ್ಲಿ ಅವಳೂ ಕೂತಿದ್ದಳು.

ನಾನು ಏನನ್ನೂ ಹೇಳಿಕೊಡಲಿಲ್ಲ. ಅವತ್ತು ಏನು ನಡೆಯಿತು ಹೇಳಮ್ಮ ಎಂದಷ್ಟೇ ಕೇಳಿದೆ.

'ಸಾಲಿಗೆ ಬೀಗ ಇತ್ರಿ. ನೀವು ಗಿಡದ ಕೆಳಗ ಕುಂದ್ರಿಸಿದ್ರಿ' ಎಂದಳು. 'ಮುಂಜಾನಿ ಈ ಕಡಿ ಕುಂತಿದ್ವಿ. ಬಿಸಲು ಬಂತು, ಸರೀರಿ ಅಂದ್ರಿ, ಸರದ್ವಿ. ಮಧ್ಯಾಹ್ನ ಮನಿಗೆ ಹೋಗಿ ಉಂಡು ಬಂದ್ವಿ, ನೀವು ಅಲ್ಲೇ ಇದ್ರಿ. ಹಂಗ ನೆಳ್ಳಿನ ಜೋಡಿ ಸರಕೋತ ಸಂಜಿಗೆ ಆ ಕಡಿ ಹೋಗಿ ಕುಂತಿದ್ವಿ. ಆವಾಗ ಕೇಳಿದ್ರಿ, ನಿಮ್ಮನ್ನ ಇಲ್ಲಿಗೆ ಕರಕೊಂಡು ಬಂದವ್ರು ಯಾರು ಅಂತ. ಆವತ್ತು ನಾವs ಆಡು ಆಗಿದ್ವಿ ನೋಡ್ರಿ. ನಾ ಇವತ್ತಿಗೂ ಆ ಪಾಠ ಹಂಗs ಮಾಡ್ತೀನ್ರಿ. ಟ್ರೇನಿಂಗಿನ ಹುಡುಗ್ರು ಅದನ್ನ ನೋಡಾಕs ಬರ್ತಾರ್ರಿ.'

ಮಕ್ಕಳನ್ನೇ ನೆರಳಿನ ಜೊತೆ ಸರಿಸಿಕೊಂಡು ಹೋಗುವುದು. ಇಡೀ ಜೀವಮಾನ ಪಾಠ ಮಾಡಿದ್ದೇನೆ, ನೂರಾರು ಜನಕ್ಕೆ ಪಾಠ ಮಾಡುವುದನ್ನು ಕಲಿಸಿದ್ದೇನೆ, ಆ ಉಪಾಯ ನನಗೆ ಒಂದು ದಿನವೂ ಹೊಳೆದಿರಲಿಲ್ಲ. ಎಂಥ ಪಾಠ ಅದು. ಯಾರು ಮಾಡಿದರೋ, ನಮ್ಮ ಕಾಲೇಜಿನವರೇ ಮಾಡಿರಬೇಕು ಎಂದು ಎದೆಯುಬ್ಬುತ್ತಿತ್ತು. ಆ ಯಾರೋ ನಾನೇ ಎಂದು ಅವಳು ಎದುರಿಗೆ ನಿಂತು ಹೇಳುತ್ತಿದ್ದಾಳೆ. ನಾನು ಅಂದು ಗದ್ವಾಲದಲ್ಲಿದ್ದೆ. ಎರಡೂ ನಿಜ ಎಂದರೆ ಅದು ಹೇಗೆ ಎಂದು ನನಗೆ ತಿಳಿಯದು, ಇನ್ನು ಮೇಲೆ ತಿಳಿಯುವ ಆಸೆಯೂ ಇಲ್ಲ.

ಆದರೂ ಮನಸ್ಸು ತಡೆಯಲಿಲ್ಲ. ನಾನು ನಿಜವಾಗಿ ಮಾಡಿದ ಪಾಠವೂ ಒಂದಿತ್ತಲ್ಲ, ನಡುಗುವ ದನಿಯಲ್ಲಿ, ಸೀಳಿದ ಬೆರಳಲ್ಲಿ. 'ಅದರ ಮರುದಿನದ ಪಾಠ ಹೆಂಗಿತ್ತಮ್ಮ?' ಎಂದು ಕೇಳಿದೆ.

ಮಾಣಿಕಮ್ಮ ಹುಬ್ಬು ಗಂಟಿಕ್ಕಿ ಯೋಚಿಸಿದಳು. 'ಮರುದಿನ ಒಬ್ರು ವಯಸ್ಸಾದ ಸರ್ ಬಂದು ಏನೋ ಕೇಳಿದ್ದು ನೆನಪೈತ್ರಿ' ಎಂದಳು. 'ಮರುದಿನ ನೀವೂ ಬಂದಿದ್ರೇನ್ರಿ?'

'ಬಂದಿದ್ನಮ್ಮ' ಎಂದೆ.

ಹಿರಿಯರ ಮಾತು ಎಂದು ಅವಳು ತಲೆಯಾಡಿಸಿದಳು. ನಂಬಿದಂತೆ ಕಾಣಲಿಲ್ಲ.